ನನ್ನ ಕಟಾವಣೆ ನನಗೆ ವಾಪಸ್ ಕೊಡ್ರಿ

ಹೋದ ವಾರ ಹಡಗಲಿಯಿಂದ ಒಂದು ಫೋನು ಬಂತು. ಶಿಕ್ಷಣ ಇಲಾಖೆಯ ಕಚೇರಿಗೆ ಹೊಸದಾಗಿ ಸೇರಿದ ಹುಡುಗಿ. ಬಂದ ತಿಂಗಳಲ್ಲೇ ಸಂಬಳದ ಕೆಲಸ, ಹಿಂದೆ ನಾನು ಮಾಡುತ್ತಿದ್ದದ್ದೇ, ಅವಳ ಕೊರಳಿಗೆ ಬಿದ್ದಿದೆ.

‘ಮೇಡಂ, ಕೋರ್ಟಿನೋರು ಒಬ್ಬ ಮಾಸ್ತರ ಸಂಬಳ ಜಪ್ತಿ ಮಾಡ್ಯಾರ. ಅವರು ನೋಡಿದ್ರ, ನಾನು ದಿವಾಳಿ ಅರ್ಜಿ ಹಾಕೀನಿ, ಇನ್ನ ಮ್ಯಾಲೆ ಕಟಾವಣಿ ಮಾಡಬ್ಯಾಡ್ರಿ ಅಂತ ಎದುರಿಗೇ ಕುಂತಾರ. ನಿಲ್ಲಸ್ಲೇನ್ರಿ?’

‘ಅರ್ಜಿ ಹಾಕಿದ್ದಕ್ಕ ನಿಲ್ಲಸಬ್ಯಾಡವ್ವ. ಕೋರ್ಟು ನಿಲ್ಲಸು ಅಂತ ಬರದ್ರ ನಿಲ್ಲಸು’ ಎಂದೆ. ಅವಳಿಗೆ ಅಷ್ಟು ಸಾಕಾಯಿತು. ಫೋನು ಇಟ್ಟ ಮೇಲೆ ನನಗೆ ಸಾಕಾಗಲಿಲ್ಲ. ಒಲೆಯ ಮೇಲಿನ ಹಾಲು ಉಕ್ಕಿ ಹೋಗುವವರೆಗೂ ಒಂದು ಹಳೆಯ ಲೂನಾ ಗಾಡಿ, ಅದರ ಮೇಲೆ ಕೂತ ಇಬ್ಬರು ಮಾಸ್ತರರು ಕಣ್ಣ ಮುಂದೆ ಓಡಾಡುತ್ತಿದ್ದರು. ಅವರ ಕಥೆಯನ್ನು ಆ ಹುಡುಗಿಗೆ ಫೋನಿನಲ್ಲಿ ಹೇಳುವುದು ಹೇಗೆ? ಅದಕ್ಕೇ ಬರೆಯಲು ಕೂತೆ.

ನನ್ನ ತವರು ಕೋಗಳಿ. ಗಂಡ ತೀರಿಕೊಂಡ ಮೇಲೆ ಅನುಕಂಪದ ಮೇಲೆ ಸಿಕ್ಕ ನೌಕರಿ ನನ್ನದು. ಹಡಗಲಿಯಲ್ಲಿ ಶುರು, ಆಮೇಲೆ ಕೂಡ್ಲಿಗಿ, ಹರಪನಹಳ್ಳಿ, ಕೊನೆಗೆ ಹಗರಿಬೊಮ್ಮನಹಳ್ಳಿ. ಎಲ್ಲಿ ಹೋದರೂ ಸಂಬಳದ ಮೇಜೇ ಗಂಟು ಬಿತ್ತು. ಜನ ನನ್ನನ್ನು ‘ಅಕ್ಕಾರ’ ಎನ್ನುತ್ತಿದ್ದರು. ತಿಂಗಳಿಡೀ ಅಕ್ಕಾರ, ಕಟಾವಣೆ ಬಿದ್ದ ತಿಂಗಳು ಮಾತ್ರ ‘ಆ ಹೆಣ್ಮಗಳು’.

ಆಗ ಸಂಬಳ ಬ್ಯಾಂಕಿಗೆ ಹೋಗುತ್ತಿರಲಿಲ್ಲ. ಖಜಾನೆಯಿಂದ ನಗದು ತಂದು, ಕಚೇರಿಯ ಹಜಾರದಲ್ಲಿ ಮೇಜು ಹಾಕಿ, ಕರೆದು ಕರೆದು ಕೊಡುತ್ತಿದ್ದೆವು. ಅದಕ್ಕೆ ಬಟವಾಡೆ ಎಂದು ಹೆಸರು. ಬಟವಾಡೆಯ ದಿನ ಅಂಗಳವೆಲ್ಲ ಮದುವೆ ಮನೆ. ಸುತ್ತಲ ಹಳ್ಳಿಗಳ ಮಾಸ್ತರರು, ಟೀಚರಮ್ಮಗಳು ಬಸ್ಸು, ಟ್ರ್ಯಾಕ್ಸು, ಸೈಕಲ್ಲು ಹಿಡಿದು ಬರುತ್ತಿದ್ದರು. ಬೇವಿನ ಮರದ ಬುಡದಲ್ಲಿ ಒಗ್ಗರಣೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ. ಹಡಗಲಿಯಲ್ಲಾದರೆ ಟೀಚರಮ್ಮಗಳ ಮುಡಿಯ ಮಲ್ಲಿಗೆ ಕಚೇರಿಯ ಹಳೆಯ ಕಾಗದದ ವಾಸನೆಯನ್ನೇ ಓಡಿಸಿಬಿಡುತ್ತಿತ್ತು. ರೆವಿನ್ಯೂ ಸ್ಟಾಂಪಿಗೆ ನಾಲಿಗೆ ತಾಗಿಸಿ ಅಂಟಿಸಿ, ಅದರ ಮೇಲೆ ಸಹಿ ಎಳೆದು, ನೋಟು ಎಣಿಸುತ್ತಾ ಹೊರಗೆ ಹೋಗುವವರ ಮುಖ ನೋಡುವುದೇ ನನಗೆ ಹಬ್ಬ. ಆ ಹಬ್ಬ ಈಗ ಯಾವ ಕಚೇರಿಯಲ್ಲೂ ಇಲ್ಲ. ನನಗೆ ಅದು ಬೇಕು ಅನ್ನಿಸುತ್ತದೆ, ಈ ವಯಸ್ಸಿನಲ್ಲೂ.

ಮರದ ಕೆಳಗೆ ಇನ್ನೊಂದು ಕೆಲಸವೂ ಆಗುತ್ತಿತ್ತು. ಜಾಮೀನಿನ ಸಹಿ. ಸೊಸೈಟಿಯ ಸಾಲವೋ, ಫೈನಾನ್ಸಿನ ಸಾಲವೋ, ಒಬ್ಬ ಮಾಸ್ತರನಿಗೆ ಇನ್ನೊಬ್ಬ ಮಾಸ್ತರನೇ ಜಾಮೀನು. ನೀನು ನನಗೆ ಹಾಕು, ನಾನು ನಿನಗೆ ಹಾಕುತ್ತೇನೆ. ಒಬ್ಬರ ಬೆನ್ನ ಮೇಲೆ ಕಾಗದ ಇಟ್ಟು ಇನ್ನೊಬ್ಬರು ಸಹಿ ಮಾಡುತ್ತಿದ್ದರು, ಓದುವ ಮಾತೇ ಇಲ್ಲ. ಜಾಮೀನು ಒಲ್ಲೆ ಅಂದವನ ಜೊತೆ ಮುಂದಿನ ತಿಂಗಳು ಯಾರೂ ಚಹಾ ಕುಡಿಯುತ್ತಿರಲಿಲ್ಲ. ಮಕ್ಕಳಿಗೆ ಓದಲು ಕಲಿಸುವವರೇ ಹೀಗೆ ಓದದೆ ಸಹಿ ಹಾಕುವುದನ್ನು ನೋಡಿ ನನಗೆ ನಗು ಬರುತ್ತಿತ್ತು.

ನನಗೆ ಕೆಲಸ ಕಲಿಸಿದವರು ಗುರುಬಸಯ್ಯನವರು, ಹಡಗಲಿ ಕಚೇರಿಯ ಸೂಪರಿಂಟೆಂಡೆಂಟರು. ಎಲೆ ಅಡಿಕೆ ಬಾಯಲ್ಲಿಟ್ಟುಕೊಂಡೇ ಬೈಯಬಲ್ಲವರು. ಮೊದಲ ಸಲ ಕೋರ್ಟಿನ ಅಮೀನ ಸಂಬಳ ಜಪ್ತಿಯ ಆದೇಶ ತಂದು ಮೇಜಿನ ಮೇಲಿಟ್ಟಾಗ ನಾನು ಅದನ್ನು ಅತ್ತ ಸರಿಸಿದೆ. ಯಾರದೋ ಮನೆಯ ಅನ್ನ ಕಿತ್ತುಕೊಳ್ಳುತ್ತೇನೆ ಅನ್ನಿಸಿ ಕಣ್ಣಲ್ಲಿ ನೀರೂ ಬಂತು.

‘ಯಾಕ ಅಳ್ತಿಯವ್ವ? ಪೂರ್ತಿ ಸಂಬಳ ಕೊಯ್ಯಾಕ ಯಾವ ಕೋರ್ಟೂ ಹೇಳಂಗಿಲ್ಲ. ಕಾನೂನಿಗೂ ಹೊಟ್ಟಿ ಗೊತ್ತೈತಿ’ ಎಂದು ಅವರು ಕೂರಿಸಿ ಹೇಳಿಕೊಟ್ಟರು. ಮೂಲ ಸಂಬಳದಲ್ಲಿ ಮೊದಲ ಇಷ್ಟು ರೂಪಾಯಿ ಎಂದು ಕಾನೂನು ಗೊತ್ತು ಮಾಡಿದ್ದನ್ನು ಮುಟ್ಟಬಾರದು. ಉಳಿದದ್ದನ್ನು ಮೂರು ಪಾಲು ಮಾಡಿದರೆ ಎರಡು ಪಾಲು ನೌಕರನಿಗೆ, ಒಂದು ಪಾಲು ಕೋರ್ಟಿಗೆ. ತುಟ್ಟಿಭತ್ಯೆ ಹಾಗೇ ಬಿಡಬೇಕು. ಒಂದು ಡಿಕ್ರಿಗೆ, ಅಂದರೆ ಸಾಲದ ಒಂದು ತೀರ್ಪಿಗೆ, ಎರಡು ವರ್ಷಕ್ಕಿಂತ ಹೆಚ್ಚು ಕತ್ತರಿಸುವಂತಿಲ್ಲ. ‘ಆದ್ರ ಒಂದು ನೆನಪಿಟಗ. ಕೋರ್ಟು ಹೇಳಿದ ಮ್ಯಾಲೂ ನೀನು ಕರುಣೆ ಮಾಡಿ ಪೂರ್ತಿ ಕೊಟ್ರ, ಆ ರೊಕ್ಕ ಸಾಹೇಬರ ಕಿಸೆಯಿಂದ ಹೋಗತೈತಿ. ಸಾಹೇಬ್ರು ನಿನ್ನ ಬಿಡಂಗಿಲ್ಲ.’

ಇದು ಬರೀ ಹೆದರಿಕೆಯ ಮಾತಲ್ಲ ಎಂದು ಬೇಗನೆ ಗೊತ್ತಾಯಿತು. ನಮ್ಮಲ್ಲಿಗೆ ಹೊಸದಾಗಿ ಬಂದ ಅಧಿಕಾರಿಯೊಬ್ಬರು ಬಹಳ ಓದಿಕೊಂಡವರು, ಅಷ್ಟೇ ಅವಸರದವರು. ಸಾಲದಲ್ಲಿ ಮುಳುಗಿದ ಗುಮಾಸ್ತನೊಬ್ಬ ದಿವಾಳಿ ಅರ್ಜಿಯ ಒಂದು ಪ್ರತಿಯನ್ನು ತಂದು ಅವರಿಗೆ ತೋರಿಸಿದ. ನಮ್ಮ ಕಡೆ ಅದಕ್ಕೆ ‘ಐಪಿ ಹಾಕೋದು’ ಎನ್ನುತ್ತಾರೆ, ಆಂಧ್ರದ ಗಡಿಯಿಂದ ಬಂದ ಮಾತು. ಪ್ರತಿಯ ಮೇಲೆ ಕೋರ್ಟಿನ ದೊಡ್ಡ ಮೊಹರು ಇತ್ತು. ಮೊಹರು ಕಂಡದ್ದೇ ತಡ, ಸಾಹೇಬರು ‘ಕಟಾವಣೆ ನಿಲ್ಲಿಸಿ’ ಎಂದು ಷರಾ ಬರೆದರು. ಗುರುಬಸಯ್ಯನವರು, ‘ಸಾರ್, ಇದು ಅರ್ಜಿ ಮುಟ್ಟೈತಿ ಅನ್ನೋ ಮೊಹರು, ಅರ್ಜಿ ಒಪ್ಯಾರ ಅನ್ನೋದಲ್ಲ’ ಎಂದರು. ಸಾಹೇಬರು ಕೇಳಲಿಲ್ಲ. ಮುಂದೆ ಸಾಹೇಬರಿಗೇ ಕೋರ್ಟಿನಿಂದ ಕರೆ ಬಂತು. ಹೋಗುವಾಗ ಇಸ್ತ್ರಿ ಮಾಡಿದ ಸಫಾರಿ. ಬರುವಾಗ ಅದೇ ಸಫಾರಿ ಒಗೆದು ಹಿಂಡಿದ ಹಾಗಿತ್ತು. ಆಮೇಲೆ ಅವರು ಯಾವ ಮೊಹರು ಕಂಡರೂ ಮೊದಲು ಗುರುಬಸಯ್ಯನವರ ಮುಖ ನೋಡುತ್ತಿದ್ದರು.

ಐಪಿ ಹಾಕಿದರೆ ಎಲ್ಲ ಕಟಾವಣೆಯೂ ನಿಲ್ಲುತ್ತದೆ ಎಂದು ನಂಬಿದವರು ಎಷ್ಟೋ ಮಂದಿ. ಹಿರೇಹಡಗಲಿಯ ಕಡೆಯ ಮಾಸ್ತರನೊಬ್ಬ ಹೆಂಡತಿಯನ್ನು ಬಿಟ್ಟಿದ್ದ. ಅವಳ ಜೀವನಾಂಶ ಅವನ ಸಂಬಳದಲ್ಲಿ ಕಟಾವಣೆ ಆಗುತ್ತಿತ್ತು. ಅವನು ದಿವಾಳಿಯ ಆದೇಶವನ್ನೇ ತಂದು, ಈಗ ಹೆಂಡತಿಗೆ ಕೊಡುವುದೂ ನಿಲ್ಲಬೇಕು ಎಂದು ಕೂತ. ಆ ಹೆಣ್ಣುಮಗಳು ಕಂಕುಳಲ್ಲಿ ಕೂಸು ಹೊತ್ತು ಕಚೇರಿಯ ಬಾಗಿಲಲ್ಲಿ ನಿಂತಿದ್ದಳು. ಗುರುಬಸಯ್ಯನವರು ಎಲೆ ಉಗುಳಿ ಬಂದು, ‘ಮಾಸ್ತರ, ಸಾಲ ಕೊಟ್ಟೋರಿಗೆ ನೀವು ದಿವಾಳಿ. ಹೆಂಡ್ರು ಮಕ್ಕಳಿಗೆ ದಿವಾಳಿ ಏಳಾಕ ಬರಂಗಿಲ್ಲ’ ಎಂದರು. ಆಕೆ ಅವರಿಗೆ ಕೈ ಮುಗಿದಳು. ಅವರು ಕೂಸಿನ ಕೈಗೆ ಒಂದು ಬಿಸ್ಕತ್ತು ಕೊಟ್ಟು ತಮ್ಮ ಜಾಗಕ್ಕೆ ಹೋದರು.

ನನಗೆ ಕೂಡ್ಲಿಗಿಗೆ ವರ್ಗವಾಯಿತು. ಸ್ವಲ್ಪ ದಿನಕ್ಕೆ ಗುರುಬಸಯ್ಯನವರೂ ಅಲ್ಲಿಗೇ ಬಂದರು, ನನ್ನ ಪುಣ್ಯ. ಆಗ ಕೊಟ್ಟೂರು, ಉಜ್ಜಿನಿ ಎಲ್ಲ ಕೂಡ್ಲಿಗಿ ತಾಲೂಕಿಗೇ ಸೇರಿದ್ದವು. ಉಜ್ಜಿನಿಯ ದಾರಿಯ ಒಂದು ಹಳ್ಳಿಯಿಂದ ಪ್ರತಿ ಬಟವಾಡೆಗೂ ಒಂದು ಲೂನಾ ಬರುತ್ತಿತ್ತು. ಅದು ಅಂಗಳಕ್ಕೆ ಬರುವ ಮೊದಲೇ ಅದರ ಕೆಮ್ಮು ಕೇಳಿಸುತ್ತಿತ್ತು.

ಓಡಿಸುವವರು ಮರುಳಸಿದ್ದಪ್ಪ ಮಾಸ್ತರರು, ಕಡ್ಡಿಯಂಥ ಮನುಷ್ಯ. ಹಿಂದೆ ಕೂರುವವರು ಓಬಣ್ಣ ಮಾಸ್ತರರು, ಅವರದು ಪೈಲ್ವಾನರ ಮೈ. ಹಿಂದಿನವರಿಗೆ ಜಾಗ ಸಾಲದೆಂದು ಮುಂದಿನವರು ಸೀಟಿನ ತುದಿಗೆ ಸರಿದು, ಹ್ಯಾಂಡಲಿನ ಮೇಲೆಯೇ ಕೂತ ಹಾಗೆ ಕೂತು ಓಡಿಸುತ್ತಿದ್ದರು. ಇಬ್ಬರದೂ ಒಂದೇ ಶಾಲೆ, ಅಕ್ಕಪಕ್ಕದ ಕೋಣೆ. ಒಬ್ಬರನ್ನು ಕರೆದರೆ ಇಬ್ಬರೂ ಮೇಜಿನ ಹತ್ತಿರ ಬರುತ್ತಿದ್ದರು.

‘ಲೇ ಓಬ, ನಿನ್ನ ಭಾರಕ್ಕ ನನ್ನ ಗಾಡಿ ಸತ್ತು ಹೋಗತೈತಲೇ.’

‘ಸಾಯ್ಲಿ ಬಿಡಲೇ ಮರುಳಾ. ನಿನ್ನನ್ನ ಹೆಗಲ ಮ್ಯಾಲೆ ಹೊತ್ಕಂಡು ಬರ್ತೀನಿ.’

ಇದು ಪ್ರತಿ ತಿಂಗಳೂ ಆಗುವ ಮಾತು. ಪ್ರತಿ ತಿಂಗಳೂ ನಾವು ನಗುತ್ತಿದ್ದೆವು. ನಾನು ಒಂಟಿ ಹೆಂಗಸು. ಮನೆಗೆ ಹೋದರೆ ‘ಲೇ’ ಅನ್ನುವವರೂ ಇಲ್ಲ, ಅನ್ನಿಸಿಕೊಳ್ಳುವವರೂ ಇಲ್ಲ. ಅವರಿಬ್ಬರ ಬೈಗುಳ ಕೇಳಿ ನನಗೆ ಹೊಟ್ಟೆ ತುಂಬುತ್ತಿತ್ತು.

ಮರುಳಸಿದ್ದಪ್ಪನವರ ತಮ್ಮ ಕೊಟ್ಟೂರಿನಲ್ಲಿ ಡಿಶ್ ಕೇಬಲ್ ಹಾಕಿದ. ಮನೆಮನೆಗೆ ಟೀವಿ ವೈರು ಎಳೆಯುವ ಹುಚ್ಚು ಆಗ ಎಲ್ಲ ಊರಿಗೂ ಹಿಡಿದಿತ್ತು. ತಮ್ಮನಿಗಾಗಿ ಅಣ್ಣ ಖಾಸಗಿ ಫೈನಾನ್ಸೊಂದರಲ್ಲಿ ಸಾಲ ಎತ್ತಿದರು. ಜಾಮೀನು ಯಾರು? ಓಬಣ್ಣನವರೇ, ಅದೇ ಬೇವಿನ ಮರದ ಕೆಳಗೆ. ಆಮೇಲೆ ಅದೇ ಓಣಿಗಳಿಗೆ ಇನ್ನೊಬ್ಬ ದೊಡ್ಡ ಕುಳ ಕೇಬಲ್ ತಂದ. ತಮ್ಮನ ವೈರುಗಳು ಕಂಬಕ್ಕೆ ಜೋತು ಬಿದ್ದವು. ಫೈನಾನ್ಸಿನವರು ಇಬ್ಬರ ಮೇಲೂ ದಾವೆ ಹೂಡಿದರು. ‘ಕೋರ್ಟಿನ ಕಾಗದ ಬಂದ್ರ ನನ್ನ ಕೈಗೆ ಕೊಡು, ನಾನು ನೋಡ್ಕಂತೀನಿ’ ಎಂದು ಮರುಳಸಿದ್ದಪ್ಪನವರು ಹೇಳಿದ್ದರಂತೆ. ಓಬಣ್ಣನವರು ಬಂದ ಕಾಗದವನ್ನು ಒಡೆಯದೆ ಹಾಗೇ ಕೊಟ್ಟುಬಿಟ್ಟರು. ಡಿಕ್ರಿ ಇಬ್ಬರ ಮೇಲೂ ಆಯಿತು. ಸಂಬಳ ಜಪ್ತಿ ಮಾತ್ರ ಮೊದಲಿಗೆ ಮರುಳಸಿದ್ದಪ್ಪನವರ ಮೇಲೆ ಬಂತು.

ಯಾರೋ ವಕೀಲರು ಹೇಳಿದರೆಂದು ಅವರು ಹೊಸಪೇಟೆಯ ಕೋರ್ಟಿನಲ್ಲಿ ಐಪಿ ಹಾಕಿದರು. ಆ ಸಲ ಎಲ್ಲವೂ ಕ್ರಮವಾಗಿಯೇ ನಡೆಯಿತು. ಕೋರ್ಟು ಅವರನ್ನು ದಿವಾಳಿ ಎಂದು ಸಾರಿತು, ಇದ್ದ ಆಸ್ತಿಯನ್ನು ತಾನೇ ನೇಮಿಸಿದ ರಿಸೀವರ್ ವಶಕ್ಕೆ ಕೊಟ್ಟಿತು. ಆಸ್ತಿ ಎಂದರೆ ವೈರಿನ ಸುರುಳಿ, ಒಂದು ಛತ್ರಿಯಂಥ ಡಿಶ್. ಲೂನಾ ಹೆಂಡತಿಯ ಹೆಸರಿನಲ್ಲಿತ್ತು, ಬಚಾವಾಯಿತು. ಕಟಾವಣೆ ನಿಲ್ಲಿಸಿ ಎಂದು ಆದೇಶ ಬಂತು, ನಾನು ನಿಲ್ಲಿಸಿದೆ. ಆ ಬಟವಾಡೆಯ ದಿನ ಅವರು ಇಡೀ ಕಚೇರಿಗೆ ಬಜ್ಜಿ ಕೊಡಿಸಿದರು. ಸಾಲ ಮುಗಿಯಿತೆಂದೇ ತಿಳಿದು ಓಬಣ್ಣನವರೇ ಪೊಟ್ಟಣ ಹಿಡಿದು ಎಲ್ಲರಿಗೂ ಹಂಚಿದರು.

ಬಜ್ಜಿಯ ಎಣ್ಣೆ ಆರುವುದರೊಳಗೆ ಅಮೀನ ಮತ್ತೆ ಬಂದ. ಅದೇ ಡಿಕ್ರಿ, ಅದೇ ಸಾಲ. ಹೆಸರು ಮಾತ್ರ ಬೇರೆ, ಓಬಣ್ಣ. ನಾನು ಆದೇಶ ಹಿಡಿದುಕೊಂಡು ಗುರುಬಸಯ್ಯನವರ ಹತ್ತಿರ ಓಡಿದೆ.

‘ಇದ ನೋಡವ್ವ ಐಪಿಯ ಮಜಾ. ಸಾಲ ತಗಂಡವನಿಗೆ ಕೋರ್ಟು ಛತ್ರಿ ಹಿಡೀತೈತಿ. ಜಾಮೀನು ನಿಂತವನು ಆ ಛತ್ರಿ ಹೊರಗ ಅದಾನ. ಎತ್ತಿಗೆ ಜ್ವರ ಬಂದ್ರ ಎಮ್ಮಿಗೆ ಬರಿ.’

ಆ ತಿಂಗಳ ಬಟವಾಡೆ ನನಗೆ ಬೇಡವಾಗಿತ್ತು. ಇಬ್ಬರೂ ಯಾವತ್ತಿನ ಹಾಗೆ ನಗುತ್ತಾ ಬಂದರು. ಓಬಣ್ಣನವರು ಸ್ಟಾಂಪಿನ ಮೇಲೆ ಸಹಿ ಹಾಕಿದ ಮೇಲೆ ಅಂಕಿ ನೋಡಿದರು.

‘ಇದು ಯಾರ ಕಟಾವಣಿ ಅಕ್ಕಾರ?’

ನಾನು ಹೇಳಿದೆ. ಮೆಲ್ಲಗೆ, ಅವರಿಗೆ ಮಾತ್ರ ಕೇಳುವ ಹಾಗೆ.

‘ಹೌದಾ? ಮರುಳ ನನಗ ಹೇಳಿದ್ದಿಲ್ಲ’ ಎಂದರು. ಅಷ್ಟೇ. ಒಂದು ಬೈಗುಳ ಇಲ್ಲ, ಏರಿದ ದನಿಯಿಲ್ಲ. ಹೊರಗೆ ಮರುಳಸಿದ್ದಪ್ಪನವರು ಗಾಡಿ ಚಾಲೂ ಮಾಡಿ ಸೀಟಿನ ತುದಿಗೆ ಸರಿದು ಕೂತಿದ್ದರು. ‘ಬಾರಲೇ ಓಬ’ ಎಂದು ಕರೆದದ್ದು ನನಗೂ ಕೇಳಿಸಿತು.

‘ತಾವು ಹೋಗ್ರಿ. ನಾನು ಬಸ್ಸಿಗೆ ಬರ್ತೀನಿ.’

ಮರುಳಸಿದ್ದಪ್ಪನವರು ಗಾಡಿ ಆರಿಸಿ, ಏನಾಯಿತೆಂದು ತಿಳಿಯದೆ ನನ್ನ ಕಿಟಕಿಯ ಕಡೆ ನೋಡಿದರು. ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಐಪಿ ಎಂದರೆ ಸಾಲವೇ ಸತ್ತ ಹಾಗೆ ಎಂದು ತಿಳಿದಿದ್ದರು ಪುಣ್ಯಾತ್ಮರು. ಒಳಗೆ ಬಂದರು, ನನ್ನಿಂದ ವಿಷಯ ಕೇಳಿದರು. ಕುರ್ಚಿ ಇದ್ದರೂ ನೆಲದ ಮೇಲೆ ಕೂತುಬಿಟ್ಟರು.

ಮುಂದಿನ ತಿಂಗಳುಗಳಲ್ಲಿ ಓಬಣ್ಣನವರು ಬಸ್ಸಿಗೇ ಬಂದರು, ಬಸ್ಸಿಗೇ ಹೋದರು. ಮರುಳಸಿದ್ದಪ್ಪನವರು ಲೂನಾ ತಳ್ಳಿಕೊಂಡು ಬಸ್ ನಿಲ್ದಾಣದ ತನಕ ಹಿಂದೆಯೇ ಹೋಗಿ, ಬಸ್ಸು ಹೊರಡುವವರೆಗೂ ನಿಂತಿರುತ್ತಿದ್ದರಂತೆ. ಶಾಲೆಯಲ್ಲಿ ಗೋಡೆಯ ಆಚೆ ಈಚೆ ಇದ್ದೂ ಮಾತಿಲ್ಲ. ಮಾತಾಡಲೇಬೇಕಾದಾಗ ‘ಮರುಳಸಿದ್ದಪ್ಪನವರೇ, ಹಾಜರಿ ಕೊಡ್ರಿ’ ಎಂಬ ಮರ್ಯಾದೆ. ಇಲ್ಲಿ ಒಂದು ಮಾತು ಹೇಳಬೇಕು. ಓಬಣ್ಣನವರಿಗೆ ಕಟಾವಣೆಯಿಂದ ಕಷ್ಟ ಆಗಲಿಲ್ಲ ಎಂದಲ್ಲ. ಆದರೆ ಅವರಿಗೆ ಚುಚ್ಚಿದ್ದು ಬೇರೆ. ‘ಒಂದು ಮಾತು ಕೇಳಿದ್ರ ಅರ್ಧ ನಾನು ಕಟ್ತಿದ್ದೆ ಅಕ್ಕಾರ. ಕೇಳದಂಗ ಕೋರ್ಟಿಗೆ ಹೋದ’ ಎಂದು ಒಂದೇ ಸಲ ನನ್ನ ಹತ್ತಿರ ಹೇಳಿದ್ದರು. ಮತ್ತೆ ಆ ಮಾತು ತೆಗೆಯಲಿಲ್ಲ.

ಒಂದು ದಿನ, ಬಟವಾಡೆಯ ದಿನವಲ್ಲ, ಮರುಳಸಿದ್ದಪ್ಪನವರು ಒಬ್ಬರೇ ಬಂದರು. ಇನ್ನೂ ತೆಳ್ಳಗಾಗಿದ್ದರು.

‘ಅಕ್ಕಾರ, ನನ್ನ ಕಟಾವಣಿ ನನಗ ವಾಪಸ್ ಕೊಡ್ರಿ.’

‘ಅದೇನು ಸಂತ್ಯಾಗಿನ ಬದನಿಕಾಯೇನ್ರಿ ಮಾಸ್ತರ, ತಂದು ವಾಪಸ್ ಕೊಡಾಕ?’ ಎಂದು ನಗಿಸಲು ನೋಡಿದೆ. ನಗಲಿಲ್ಲ. ಇಷ್ಟು ವರ್ಷದಲ್ಲಿ ಕಟಾವಣೆ ನಿಲ್ಲಿಸಿ ಎಂದು ಅತ್ತವರನ್ನು ಕಂಡಿದ್ದೆ, ಬೈದವರನ್ನು ಕಂಡಿದ್ದೆ. ನನಗೇ ಬೇಕು ಎಂದು ಕೈ ಚಾಚಿದ ಮನುಷ್ಯನನ್ನು ಅವತ್ತೇ ಮೊದಲು ಕಂಡದ್ದು, ಅವತ್ತೇ ಕೊನೆ.

ಗುರುಬಸಯ್ಯನವರು ಎಲೆ ಸುತ್ತುವುದನ್ನು ನಿಲ್ಲಿಸಿದರು. ‘ನೀನು ಕೋರ್ಟಿನ ರಕ್ಷಣೆಯಾಗ ಅದಿ. ನೀನು ಬೇಡಿದ್ರೂ ನಾವು ಕತ್ತರಸಂಗಿಲ್ಲ, ಅವನು ಬ್ಯಾಡಂದ್ರೂ ನಾವು ಬಿಡಂಗಿಲ್ಲ. ಎರಡು ವರ್ಷ ತಡಕ. ಆಮ್ಯಾಲೆ ಅವನ ಕಟಾವಣಿ ತಾನ ನಿಲ್ತೈತಿ.’

‘ಎರಡು ವರ್ಷ ಅವನು ನನಗ ತಾವು ಅಂದ್ರ ನಾನು ಉಳಿಯಂಗಿಲ್ರಿ ಸಾಹೇಬ್ರ. ಮನ್ಯಾಗ ಕೂಳು ಇಳಿಯವಲ್ದು.’

ಗುರುಬಸಯ್ಯನವರು ಒಂದು ದಾರಿ ಹೇಳಿದರು. ದಿವಾಳಿಯಾದವನು ಸಾಲ ಕೊಟ್ಟವರ ಜೊತೆ ರಾಜಿಗೆ ಬರಬಹುದು. ಕಂತಿನ ಮೇಲೆ ಕಟ್ಟುತ್ತೇನೆಂದು ಕೋರ್ಟಿನ ಮುಂದೆ ಒಪ್ಪಿಕೊಳ್ಳಬೇಕು, ಸಾಲ ಕೊಟ್ಟವರು ಹೂಂ ಅನ್ನಬೇಕು, ಕೋರ್ಟಿಗೂ ಸರಿ ಅನ್ನಿಸಬೇಕು. ಆಗ ದಿವಾಳಿಯ ಆದೇಶವೇ ರದ್ದಾಗುತ್ತದೆ. ಛತ್ರಿ ಮಡಚಿಟ್ಟು ಮಳೆಗೆ ತಲೆ ಕೊಟ್ಟ ಹಾಗೆ. ವಕೀಲರು, ‘ಗೆದ್ದ ಕೇಸನ್ನ ಸೋಲ್ತೀನಿ ಅಂತೀಯಲ್ಲಯ್ಯಾ’ ಎಂದು ಬೈದರಂತೆ. ಮಾಸ್ತರರದು ಒಂದೇ ಷರತ್ತು: ಓಬಣ್ಣನ ಮೇಲಿನ ಜಪ್ತಿ ಕೈಬಿಡಬೇಕು. ಕೋರ್ಟಿನ ಕೆಲಸ ಹೇಗಿರುತ್ತದೆ ಎಂದು ಬೇರೆ ಹೇಳಬೇಕಿಲ್ಲ. ಹೊಸಪೇಟೆಗೆ ಅವರು ಅಲೆದು ಅಲೆದು ಚಪ್ಪಲಿ ಸವೆಯಿತು. ಓಬಣ್ಣನವರಿಗೆ ಇದಾವುದನ್ನೂ ಹೇಳಬಾರದು ಎಂದು ನಮ್ಮಿಂದ ಮಾತು ತೆಗೆದುಕೊಂಡಿದ್ದರು.

ಕೊನೆಗೂ ಓಬಣ್ಣನವರ ಜಪ್ತಿ ತೆರವಾದ ಆದೇಶ ನನ್ನ ಮೇಜಿಗೆ ಬಂತು. ಮುಂದಿನ ಬಟವಾಡೆಗೆ ಇಬ್ಬರ ಮುಖ ನೋಡಬೇಕೆಂದು ಹಿಗ್ಗಿದ್ದೆ. ಆದರೆ ಸರಿಯಾಗಿ ಆ ತಿಂಗಳಿಂದಲೇ ನಮ್ಮಲ್ಲಿ ಬಟವಾಡೆ ನಿಂತುಹೋಯಿತು. ಸಂಬಳ ನೇರವಾಗಿ ಬ್ಯಾಂಕಿಗೆ. ಹಜಾರದ ಮೇಜನ್ನು ಗೋಡೆಗೆ ಸರಿಸಿದರು. ಬಜ್ಜಿಯವನು ಒಂದೆರಡು ತಿಂಗಳು ಬಂದು ನೋಡಿ ಬೇರೆ ಕಡೆ ಹೋದ. ದೇವರು ಕೊಟ್ಟರೂ ಪೂಜಾರಿ ಕೊಡ ಎಂದು ಹೊಸ ಪದ್ಧತಿಯನ್ನು ಮನಸಾರೆ ಶಪಿಸಿದೆ.

ಆದೇಶವನ್ನು ಟಪಾಲಿನಲ್ಲಿ ಕಳಿಸಬಹುದಿತ್ತು. ಮನಸ್ಸು ಬರಲಿಲ್ಲ. ಉಜ್ಜಿನಿಗೆ ಹಣ್ಣುಕಾಯಿ ಮಾಡಿಸಿಕೊಂಡು ಬರುತ್ತೇನೆಂದು ರಜೆ ಹಾಕಿ, ದಾರಿಯಲ್ಲಿ ಅವರ ಹಳ್ಳಿಗೆ ಇಳಿದೆ.

ಓಬಣ್ಣನವರು ಮಗ್ಗಿ ಹೇಳಿಸುತ್ತಿದ್ದರು. ಆದೇಶವನ್ನು ಅವರ ಕೈಗೆ ಕೊಟ್ಟೆ. ಈ ಸಲ ಅವರು ಪೂರ್ತಿ ಓದಿದರು.

‘ಅಂದ್ರ ಈಗ ಆ ಸಾಲ ಯಾರ ಮ್ಯಾಲೆ?’

‘ಅವರ ಮ್ಯಾಲೇ. ನನ್ನ ಕಟಾವಣಿ ನನಗ ಕೊಡ್ರಿ ಅಂತ ಕೋರ್ಟಿಗೆ ಹೋಗಿ ಬೇಡಿ ತಗಂಡಾರ.’

ಅವರು ಕಿಟಕಿಯ ಕಡೆ ತಿರುಗಿ ನಿಂತರು. ಆ ದೊಡ್ಡ ಬೆನ್ನು ಅಲುಗುವುದು ನನಗೆ ಕಾಣುತ್ತಿತ್ತು. ಮಕ್ಕಳು ಮಗ್ಗಿ ಮರೆತು ನೋಡುತ್ತಿದ್ದವು. ಆಮೇಲೆ ಗೋಡೆಯ ಕಡೆ ಮುಖ ಮಾಡಿ ಒಮ್ಮೆ ಗುಡುಗಿದರು.

‘ಲೇ ಮರುಳಾ!’

ಪಕ್ಕದ ಕೋಣೆಯ ಪಾಠ ನಿಂತಿತು. ಮರುಳಸಿದ್ದಪ್ಪನವರು ಸೀಮೆಸುಣ್ಣ ಹಿಡಿದುಕೊಂಡೇ ಬಾಗಿಲಿಗೆ ಬಂದರು.

‘ಗೆದ್ದದ್ದನ್ನ ಯಾಕ ಸೋತ್ಯೋ, ಹುಚ್ಚಪ್ಯಾಲಿ?’

ಅವರು ಸುಣ್ಣದ ಕೈಯನ್ನು ಅಂಗಿಗೆ ಒರೆಸಿಕೊಂಡರು.

‘ಗಾಡಿ ತಗಿ. ಅಕ್ಕಾರನ್ನ ಬಸ್ಸಿಗೆ ಬಿಡಬೇಕು.’

ಲೂನಾದ ಮೇಲೆ ಮೂವರು ಹಿಡಿಯುವುದಿಲ್ಲ ಎಂಬುದು ಯಾರಿಗೂ ಹೊಳೆಯಲಿಲ್ಲ. ಕೊನೆಗೆ ಗಾಡಿ ತಳ್ಳಿಕೊಂಡು ಮೂವರೂ ರಸ್ತೆಯ ತನಕ ನಡೆದೆವು. ಹ್ಯಾಂಡಲು ಒಬ್ಬರು ಹಿಡಿದಿದ್ದರು, ಹಿಂದಿನಿಂದ ಒಬ್ಬರು ನೂಕುತ್ತಿದ್ದರು. ಬಸ್ಸಿನ ಕಿಟಕಿಯಿಂದ ತಿರುಗಿ ನೋಡಿದೆ. ಮರುಳಸಿದ್ದಪ್ಪನವರು ಸೀಟಿನ ತುದಿಗೆ ಸರಿದು ಕೂತರು. ಓಬಣ್ಣನವರು ಹಿಂದೆ ಹತ್ತಿದರು. ನಾನು ಸೆರಗಿನಿಂದ ಕಣ್ಣು ಒರೆಸಿಕೊಂಡೆ, ಉಜ್ಜಿನಿಯಲ್ಲಿ ಹೇಳಿಕೊಳ್ಳಲು ಯಾವ ಹರಕೆಯೂ ನೆನಪಾಗಲಿಲ್ಲ.

ಸಂಬಳದ ಮೇಜಿಗೆ ಹೊಸದಾಗಿ ಬಂದವರಿಗೆ ನಾನು ಹೇಳುವುದು ಇಷ್ಟೇ. ದಿವಾಳಿ ಅರ್ಜಿ ತಂದವನನ್ನು ಗದರಬೇಡಿ, ಅವನೂ ಬೇರೆ ದಾರಿ ಕಾಣದೆ ಬಂದಿರುತ್ತಾನೆ. ಆದೇಶ ನೋಡಿ ಕೆಲಸ ಮಾಡಿ. ಆಮೇಲೆ ಜಾಮೀನಿಗೆ ಯಾರು ನಿಂತಿದ್ದಾರೆ ಎಂದು ಒಮ್ಮೆ ಕೇಳಿ. ಅದು ನಿಮ್ಮ ಕೆಲಸವಲ್ಲ. ಆದರೂ ಕೇಳಿ. ‘ಅವರಿಗೆ ತಿಳಿಸಿದ್ದೀರಾ?’ ಎನ್ನಿ.

ಗುರುಬಸಯ್ಯನವರು ಈಗಿಲ್ಲ. ಓಬಣ್ಣನವರು ತೀರಿಕೊಂಡೂ ಕೆಲವು ವರ್ಷವಾಯಿತು. ನನ್ನ ಪಿಂಚಣಿ ಬಂತೆಂದು ತಿಂಗಳಿಗೊಮ್ಮೆ ಮೊಬೈಲು ಟಿಂಗ್ ಎನ್ನುತ್ತದೆ. ಅವತ್ತು ಹೆಸರು ಹಿಡಿದು ಕರೆಯುವವರಿಲ್ಲ, ಸಹಿ ಇಲ್ಲ, ಬಜ್ಜಿಯಿಲ್ಲ. ಆದರೂ ಅವತ್ತು ಒಳ್ಳೆಯ ಸೀರೆ ಉಡುತ್ತೇನೆ, ಅಭ್ಯಾಸ.

ಹೋದ ನವೆಂಬರಿನಲ್ಲಿ ಕೊಟ್ಟೂರಿಗೆ ಹೋಗಿದ್ದೆ. ಬ್ಯಾಂಕಿನ ಮುಂದೆ, ಬದುಕಿದ್ದೇವೆ ಎಂದು ಬರೆದುಕೊಡಲು ಬಂದ ಪಿಂಚಣಿದಾರರ ಸಾಲಿನಲ್ಲಿ ಮರುಳಸಿದ್ದಪ್ಪನವರು ಸಿಕ್ಕರು. ಕೈ ಹಿಡಿದುಕೊಂಡು ಬಹಳ ಹೊತ್ತು ಮಾತಾಡಿದರು. ಓಬಣ್ಣನವರ ಹೆಸರು ಇಬ್ಬರೂ ಎತ್ತಲಿಲ್ಲ. ಈಗ ಅವರ ಹತ್ತಿರ ಹೊಸ ಸ್ಕೂಟರ್ ಇದೆ, ಉದ್ದನೆಯ ಸೀಟಿನದು. ಹತ್ತಿ ಕೂತರು. ಸೀಟಿನ ಅರ್ಧಕ್ಕಿಂತ ಹೆಚ್ಚು ಹಿಂದೆ ಖಾಲಿ ಬಿಟ್ಟು, ತುದಿಗೆ ಸರಿದು, ಹ್ಯಾಂಡಲಿಗೆ ಎದೆ ತಾಗುವ ಹಾಗೆ.

‘ಬರ್ರಿ ಅಕ್ಕಾರ, ಕುಂದರ್ರಿ. ಬಸ್ ಸ್ಟ್ಯಾಂಡಿಗೆ ಬಿಡ್ತೀನಿ’ ಎಂದರು.

ಕಾಲು ನೋಯುತ್ತಿತ್ತು. ಆದರೂ ಆ ಖಾಲಿ ಜಾಗದಲ್ಲಿ ಕೂರಲು ಆಗಲಿಲ್ಲ. ‘ನೀವು ಹೋಗ್ರಿ ಮಾಸ್ತರ, ನಾನು ನಡಕಂತ ಬರ್ತೀನಿ’ ಎಂದೆ. ಅವರು ಹೂಂ ಅಂದು, ತುದಿಗೆ ಕೂತ ಹಾಗೇ ಗಾಡಿ ಬಿಟ್ಟರು.